ಮುರುಗೇಶನ ಜೀಪು ಮೊಳಕಾಲ್ಮೂರು ಮುಟ್ಟಿದ್ದು

ಮುರುಗೇಶನ ಸಂಸಾರಕ್ಕೆ ತುಕ್ಕು ಹತ್ತಿದ್ದು ಜೀಪಿನಿಂದ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಅಪ್ಪನ ಕಾಲದ ಆ ಜೀಪಿನಲ್ಲಿ ಹೆಂಡತಿ ದಾಕ್ಷಾಯಿಣಿಯನ್ನು ಕೂರಿಸಿಕೊಂಡು ಅವನು ಚಳ್ಳಕೆರೆ ಬಸ್ ಸ್ಟ್ಯಾಂಡಿನ ಮುಂದೆ ಹೋಗುತ್ತಿದ್ದಾಗ ಅವಳ ಕಾಲ ಕೆಳಗಿನ ತಗಡು ಕಳಚಿ ಬಿತ್ತು. ಅದರ ಹಿಂದೆಯೇ ಅವಳ ಒಂದು ಚಪ್ಪಲಿ, ತವರಿಗೆಂದು ಕಟ್ಟಿಸಿದ್ದ ಮೈಸೂರುಪಾಕಿನ ಪೊಟ್ಟಣ ಬಿದ್ದವು. ಜೀಪು ನಿಂತಾಗ ಅವಳ ಪಾದಗಳೆರಡೂ ಡಾಂಬರಿನ ಮೇಲಿದ್ದವು, ಉಳಿದ ದಾಕ್ಷಾಯಿಣಿ ಸೀಟಿನ ಮೇಲಿದ್ದಳು. ಬಸ್ಸಿಗೆ ಕಾದಿದ್ದ ಜನವೆಲ್ಲ ನಕ್ಕರು. ಮುರುಗೇಶನಿಗೂ ನಗು ತಡೆಯಲಾಗಲಿಲ್ಲ. ಅಲ್ಲೇ ಅವನು ಕೆಟ್ಟ.

"ಈ ಜೀಪು ನೆಟ್ಟಗಾಗೋತಂಕ ನಿಮ್ಮ ಮನೆ ಹೊಸ್ತಿಲು ತುಳಿಯಲ್ಲ," ಎಂದು ನಾಲ್ಕು ಜನರೆದುರು ಹೇಳಿ, ಒಂಟಿ ಚಪ್ಪಲಿ ಕೈಯಲ್ಲಿ ಹಿಡಿದು ಅವಳು ಮೊಳಕಾಲ್ಮೂರಿನ ಬಸ್ಸು ಹತ್ತಿದಳು. ಅಲ್ಲಿ ಅವಳ ಅತ್ತಿಗೆ ಬಸುರಿ. ಮಗಳು ತವರಲ್ಲಿ ಉಳಿಯಲು ನೆಪಕ್ಕೂ ಕೊರತೆಯಾಗಲಿಲ್ಲ.

ಮದುವೆಯಾಗಿ ಎರಡೇ ವರ್ಷ. ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ತೂಗಿಸುವ ಗುಮಾಸ್ತ ಮುರುಗೇಶ ಖಾನಾವಳಿಯ ಊಟ ಹೇಗೋ ನುಂಗುತ್ತಿದ್ದ. ಅವನಿಗೆ ತಡೆಯಲಾಗದೆ ಹೋದದ್ದು ಮನೆಯ ಮೌನ. ಬೆಳಗಿನ ಜಾವ ಎಚ್ಚರವಾದರೆ, ಈಗ ಸಾಸಿವೆ ಸಿಡಿಯುತ್ತದೆ, ಈಗ ಕರಿಬೇವು ಚುರ್ ಎನ್ನುತ್ತದೆ ಎಂದು ಕಿವಿಗೊಟ್ಟು ಮಲಗಿರುತ್ತಿದ್ದ. ಒಗ್ಗರಣೆ ಹಾಕುವಾಗ ದಾಕ್ಷಾಯಿಣಿ ಬಳೆ ಮೇಲಕ್ಕೆ ಸರಿಸಿಕೊಳ್ಳುತ್ತಿದ್ದಳು. ಆ ಸದ್ದೂ ನೆನಪಾಗುತ್ತಿತ್ತು. ಅವಳ ತವರಿನಿಂದ ಬಂದ ಕಬ್ಬಿಣದ ಮಂಚದಲ್ಲಿ ಒಬ್ಬನೇ ಮಲಗಲು ಮನಸ್ಸಾಗದೆ ನೆಲದ ಮೇಲೆ ಚಾಪೆ ಹಾಸಿಕೊಂಡ.

ಜೀಪಿನ ಅಡಿಚೌಕಟ್ಟು ಚಾಸಿಯನ್ನು ಊರಿನ ಮೂರು ವೆಲ್ಡಿಂಗ್ ಅಂಗಡಿಗೂ ತೋರಿಸಿದ್ದ. "ಇದು ಚಾಸಿ ಅಲ್ಲಪ್ಪ, ಹಪ್ಪಳ. ನಮ್ಮ ವೆಲ್ಡಿಂಗ್ ಕಡ್ಡಿ ಇಟ್ರೆ ತೂತು ಬೀಳ್ತೈತೆ," ಎಂದು ಮೂವರೂ ಕೈಚೆಲ್ಲಿದರು. ದಾವಣಗೆರೆಯ ಗ್ಯಾರೇಜಿನವನೊಬ್ಬ ಮಾತ್ರ, ತೆಳು ತಗಡಿಗೆ ಮಿಗ್ ವೆಲ್ಡಿಂಗೇ ಆಗಬೇಕು ಎಂದು ತಿಳಿಸಿದ. ಅದರಲ್ಲಿ ಗನ್ನಿನ ಬಾಯಿಂದ ತಂತಿ ತಾನಾಗಿ ಬರುತ್ತದೆ, ಸುತ್ತ ಗ್ಯಾಸು ಬಂದು ಬೆಸುಗೆಗೆ ಗಾಳಿ ಸೋಕದಂತೆ ಕಾವಲು ಕಾಯುತ್ತದೆ. ಮುರುಗೇಶ ಅವನ ಹಳೆಯ ಮಿಷನ್ನನ್ನೇ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದ. ಎರಡು ತಿಂಗಳು ಮಿಲ್ಲಿನ ಖಾಲಿ ಎಣ್ಣೆ ಡಬ್ಬಗಳ ಮೇಲೆ ಅಭ್ಯಾಸ ಮಾಡಿದ. ಡಬ್ಬಗಳೆಲ್ಲ ಜರಡಿಯಾದವು, ಮಿಷನ್ನಿನ ಜೊತೆ ಬಂದಿದ್ದ ಗ್ಯಾಸೂ ಮುಗಿಯಿತು.

ಜೂನಿನ ಒಂದು ಬುಧವಾರ ಓಣಿಯ ತುದಿಯ ಪಾಲಣ್ಣನ ಸೋಡಾ ಅಂಗಡಿಗೆ ಮೊಳಕಾಲ್ಮೂರಿನಿಂದ ಫೋನು ಬಂತು. ಅತ್ತೆ ಕೊಟ್ರಮ್ಮ.

"ಅಳಿಯಂದ್ರೇ, ಸೊಸೆಗೆ ಗಂಡು ಮಗು ಆತು. ಇನ್ನ ನೀವು ಬರೋದಾದ್ರೆ ನಾಳೆ ಸಂಜೆಯೊಳಗೆ ಜೀಪು ತಗಂಡು ಬರ್ರಿ. ನಾಡಿದ್ದು ಶುಕ್ರವಾರ, ಹೆಣ್ಣುಮಕ್ಕಳನ್ನ ಕಳ್ಸಂಗಿಲ್ಲ. ಶನಿವಾರ ಅಮಾಸೆ. ಆಮೇಲೆ ಆಷಾಢ. ನಾಳೆ ತಪ್ಪಿದ್ರೆ ಇನ್ನೊಂದು ತಿಂಗಳು."

ಇನ್ನೊಂದು ತಿಂಗಳು ಎಂಬ ಮಾತು ಕೇಳಿದ್ದೇ ಮುರುಗೇಶ, ನಾಳೆಯೇ ಬರುತ್ತೇನೆಂದು ಫೋನಿಟ್ಟ.

ಗುರುವಾರ ಮಿಲ್ಲಿಗೆ ರಜೆ ಹೇಳಿದ. ಮಿಗ್‌ಗೆ ಬೇಕಾದ ಗ್ಯಾಸೂ ಸೋಡಾಕ್ಕೆ ತುಂಬುವ ಗ್ಯಾಸೂ ಒಂದೇ ಆದ್ದರಿಂದ ಪಾಲಣ್ಣನ ಕೈಕಾಲು ಹಿಡಿದು ಸಿಲಿಂಡರು ತಂದ. ಸಿಲಿಂಡರಿನ ಹಿಂದೆ ಪಾಲಣ್ಣನೂ ಬಂದ.

"ನಾಕು ಗಂಟೆಗೆ ವಾಪಸ್ ಬೇಕು ಕಣಲೇ. ಮದ್ವೆ ಮನೆಗೆ ಇನ್ನೂರು ಸೋಡಾ ಒಪ್ಕಂಡೀನಿ."

ಜೀಪಿನ ಹಿಂಬದಿಯನ್ನು ಜಾಕಿಯಿಂದ ಎತ್ತಿ ಚಕ್ರ ಬಿಚ್ಚಿದ್ದಾಯಿತು. ಆನಿಸಲು ಗಟ್ಟಿಯಾದದ್ದು ಏನಾದರೂ ಬೇಕಲ್ಲ ಎಂದು ಮನೆಯೆಲ್ಲ ಹುಡುಕಿದ. ನಾಲ್ಕು ಆಳು ಹೊರುವ ಆ ಮಂಚ ಕಣ್ಣಿಗೆ ಬಿತ್ತು. ಹೇಗೂ ಅದರಲ್ಲಿ ಮಲಗುವವರಿಲ್ಲ ಎಂದು ಪಾಲಣ್ಣನ ಜೊತೆ ಎಳೆದು ತಂದು ಜೀಪಿನ ಕೆಳಗೆ ತೂರಿಸಿ, ಚಾಸಿಯನ್ನು ಅದರ ಚೌಕಟ್ಟಿನ ಮೇಲೆ ಕೂರಿಸಿದ.

ಕಪ್ಪು ಗಾಜಿನ ಮುಖವಾಡ ಹಾಕಿಕೊಂಡು ಗನ್ನು ಒತ್ತಿದ್ದೇ ತಡ, ಪಕ್ಕದ ಮನೆಯ ಶಿವಬಸಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು.

"ಏನಪ್ಪಾ ಮುರುಗೇಶ, ನೀನು ಚರ್ ಅನ್ಸಿದಾಗೆಲ್ಲ ಕರೆಂಟು ಇಳ್ದು ನಮ್ಮ ಟೀವಿ ಒಳಗಿನ ಜನ ಕಿರುಬೆರಳಷ್ಟಾಗ್ತಾರಲ್ಲ. ಏನ್ ಕೆಲ್ಸ ಇದು?"

"ಅಕ್ಕಾ, ಇವತ್ತೊಂದಿನ ತಡ್ಕಳ್ರಿ. ಸಂಜೆಯೊಳಗೆ ದಾಕ್ಷಾಯಿಣಿನ ಕರ್ಕಂಡು ಬರ್ಬೇಕು."

ಶಿವಬಸಮ್ಮನ ಮುಖ ಮೆತ್ತಗಾಯಿತು. ಟೀವಿ ಬಿಟ್ಟು ಅಲ್ಲೇ ಕಟ್ಟೆಯ ಮೇಲೆ ಕೂತರು. ಮುರುಗೇಶ ಮತ್ತೆ ಒತ್ತಿದ. ತಂತಿ ಪಟಪಟ ಎಂದು ಸಿಡಿಯಿತು.

"ಎಣ್ಣೆ ಕಾದಿಲ್ಲ," ಎಂದರು ಶಿವಬಸಮ್ಮ.

"ಏನಂದ್ರಿ?"

"ಕಾಯದೆ ಇರೋ ಎಣ್ಣೆಗೆ ಸಾಸ್ವೆ ಹಾಕ್ದಂಗೆ ಸದ್ದು ಬರ್ತೈತೆ. ಉರಿ ಜಾಸ್ತಿ ಮಾಡು."

ಮುರುಗೇಶ ಮಿಷನ್ನಿನ ಗುಂಡಿ ತಿರುಗಿಸಿದ. "ಈಗ ಸೀದೋತು. ಇಳ್ಸು," ಎಂದರು. ಇಳಿಸಿದ. ದಾವಣಗೆರೆಯವನು ಎರಡು ದಿನ ಹೇಳಿಕೊಟ್ಟರೂ ತಲೆಗೆ ಹತ್ತದ್ದು ಶಿವಬಸಮ್ಮನ ಕಿವಿಯಿಂದ ಅರ್ಧ ಗಂಟೆಯಲ್ಲಿ ಹತ್ತಿತು. ಮಿಗ್ ವೆಲ್ಡಿಂಗು ಒಗ್ಗರಣೆಯೇ ಎಂದು ತಿಳಿದು ಅವನಿಗೆ ಆ ಮಿಷನ್ನಿನ ಮೇಲೆ ಪ್ರೀತಿ ಹುಟ್ಟಿತು.

ಆದರೆ ಗಾಳಿ ಬಿಡಬೇಕಲ್ಲ. ಮಧ್ಯಾಹ್ನವಾಗುತ್ತಲೇ ಬೀಸತೊಡಗಿದ ಗಾಳಿ ಗ್ಯಾಸನ್ನೆಲ್ಲ ಹೊತ್ತುಕೊಂಡು ಹೋಯಿತು. ಬೆಸುಗೆ ದೋಸೆಯಂತೆ ತೂತು ತೂತಾಗಿ ಎದ್ದಿತು.

"ನನ್ನ ಇನ್ನೂರು ಸೋಡಾ ಬಯಲಿಗೆ ಹೋಗ್ತಾ ಐತಲ್ಲೋ," ಎಂದು ಪಾಲಣ್ಣ ಗೋಳಾಡಿ, ಓಡಿಹೋಗಿ ಮನೆಯಿಂದ ಕರಿ ಕಂಬಳಿ ತಂದ. ಒಂದು ತುದಿ ಪಾಲಣ್ಣ, ಇನ್ನೊಂದು ತುದಿ ಶಿವಬಸಮ್ಮ ಹಿಡಿದು ಜೀಪಿಗೆ ಮರೆ ಮಾಡಿದರು. ಗಾಳಿ ನಿಂತಿತು. ಅದರ ಜೊತೆಗೆ ಇದ್ದ ಬೆಳಕೂ ಹೋಯಿತು. ಕಂಬಳಿಯ ಕತ್ತಲು, ಮುಖವಾಡದ ಕತ್ತಲು, ಅದರೊಳಗೆ ಮುರುಗೇಶ ಅಂಗಾತ ಮಲಗಿ, ಚಾಸಿಗೆ ಹೊದಿಸಿದ ಕೊನೆಯ ಕಬ್ಬಿಣದ ಪಟ್ಟಿಯ ಮೇಲೆ ಗನ್ನು ಇಟ್ಟು ಒತ್ತಿದ.

ಚುರ್ ಎಂದು ಒಂದೇ ಸಮನೆ ಸದ್ದು ಬಂತು.

"ಹಾಂ, ಈಗ ಬಂತು ನೋಡು ಹದ," ಎಂದರು ಶಿವಬಸಮ್ಮ. ಮುರುಗೇಶನಿಗೆ ಕಣ್ಣು ತುಂಬಿತು. ಮೂರು ತಿಂಗಳಿಂದ ಬೆಳಗಿನ ಜಾವದಲ್ಲಿ ಅವನು ಕಾದದ್ದು ಇದೇ ಸದ್ದಿಗೆ. ನಿಲ್ಲಿಸಲು ಮನಸ್ಸಾಗದೆ, ಬೇಕಾದದ್ದಕ್ಕಿಂತ ಒಂದು ಗೇಣು ಹೆಚ್ಚಿಗೇ ಎಳೆದ.

ನಾಲ್ಕು ಗಂಟೆಗೆ ಪಾಲಣ್ಣ ಸಿಲಿಂಡರು ಹೊತ್ತು ನಡೆದ. ಮುರುಗೇಶ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಒಂದು ಮೊಳ ಕಾಕಡ ಹೂ ತರಿಸಿ ಜೀಪಿನ ಸೀಟಿನ ಮೇಲಿಟ್ಟ. ಚಕ್ರ ಜೋಡಿಸಿದ. ಇನ್ನು ಮಂಚ ಎಳೆದರೆ ಹೊರಡುವುದೇ. ಜಾಕಿ ತಿರುಗಿಸಿದ. ಜೀಪು ಎದ್ದಿತು. ಮಂಚವೂ ಎದ್ದಿತು. ನಾಲ್ಕು ಕಾಲು ನೆಲ ಬಿಟ್ಟು, ಜೀಪಿನ ಹೊಟ್ಟೆಗೆ ಅಂಟಿ ತೂಗಾಡಿತು. ಇಡೀ ದಿನದಲ್ಲಿ ಹದವಾಗಿ ಬಂದ ಒಂದೇ ಒಂದು ಬೆಸುಗೆ ಚಾಸಿಗೂ ಮಂಚಕ್ಕೂ ಬಿದ್ದಿತ್ತು.

ಕಲ್ಲಿನಿಂದ ಬಡಿದ, ಕಾಲಿನಿಂದ ಒದ್ದ. ಅಲ್ಲಾಡಲಿಲ್ಲ. ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಬಾಗಿಲಲ್ಲಿ ಟೆಂಪೋ ಬಂದು ನಿಂತಿತು. ಮುಂದಿನ ಸೀಟಿನಿಂದ ಬಾಮೈದ ಸಿದ್ದಲಿಂಗೇಶ ಇಳಿದ. ಅವನ ಹಿಂದೆ ದಾಕ್ಷಾಯಿಣಿ.

ಮುರುಗೇಶ ಎದ್ದು ನಿಂತ. ಸ್ವಲ್ಪ ಸೊರಗಿದ್ದಳು. ಅದೇ ಹಸಿರು ಬಳೆ. ಅವಳು ಅವನನ್ನು ನೋಡಲಿಲ್ಲ, ನಾಲ್ಕು ಚಕ್ರ ತೊಟ್ಟು ನಿಂತಿದ್ದ ಜೀಪನ್ನು ನೋಡಿದಳು. ಸೀಟಿನ ಮೇಲಿದ್ದ ಹೂ ನೋಡಿದಳು.

"ನೆಟ್ಟಗಾತಾ?"

"ಆತು," ಎಂದ ಮುರುಗೇಶ. ಅಂಥ ಸುಳ್ಳನ್ನು ಅವನು ಶೇಂಗಾ ತೂಗುವಾಗಲೂ ಹೇಳಿದವನಲ್ಲ.

ಅವಳ ಮುಖ ಅರಳಿತು. "ಸಿದ್ದಲಿಂಗ, ನನ್ನ ಟ್ರಂಕು ಇಳ್ಸು."

ಟ್ರಂಕು ಇಳಿಯಿತು. ಮುರುಗೇಶನ ಎದೆಯೂ ಹಗುರಾಯಿತು, ಎರಡು ನಿಮಿಷ.

"ಭಾವ, ಆ ಕಬ್ಬಿಣದ ಮಂಚ ಎಲ್ಲೈತೆ?" ಎಂದ ಸಿದ್ದಲಿಂಗೇಶ. "ನಾಳೆ ಬಾಣಂತಿ ಅತ್ತಿಗೆ ಆಸ್ಪತ್ರೆಯಿಂದ ಬರ್ತಾಳೆ. ಕೆಳಗೆ ಕೆಂಡ ಇಟ್ಟು ಕಾಯ್ಸಾಕೆ ಅದೇ ಆಗ್ಬೇಕಂತೆ. ನಮ್ಮನ್ನೆಲ್ಲ ಹೆತ್ತು ಅವ್ವ ಮಲಗಿದ್ದು ಅದರಲ್ಲೇ ಅಲ್ವಾ. ಅದಕ್ಕೇ ನೀವು ಬರೋತಂಕ ಕಾಯದೆ ಟೆಂಪೋ ಮಾಡ್ಕಂಡು ಬಂದ್ವಿ."

"ಅದು... ಅಟ್ಟದ ಮೇಲೈತೆ. ನಾಳೆ ಲಾರಿಗೆ ಹಾಕಿ ಕಳ್ಸ್ತೀನಿ."

"ಅಟ್ಟದ ಮೇಲೆಲ್ಲೈತಪ್ಪ?" ಎಂದರು ಶಿವಬಸಮ್ಮ, ಉಪಕಾರ ಮಾಡುವ ದನಿಯಲ್ಲಿ. "ಜೀಪಿನ ಹೊಟ್ಟೆಯೊಳಗೆ ನೇತಾಡ್ತಾ ಐತಲ್ಲ."

ಸಿದ್ದಲಿಂಗೇಶ ಬಗ್ಗಿ ನೋಡಿದ. ಟೆಂಪೋ ಡ್ರೈವರನೂ ಬಗ್ಗಿ ನೋಡಿದ. ಇಬ್ಬರೂ ಮಂಚದ ಎರಡು ಕಡೆ ಹಿಡಿದು, ಮುರುಗೇಶ ಬೇಡ ಬೇಡ ಎನ್ನುತ್ತಿರುವಾಗಲೇ ಜೋತುಬಿದ್ದರು. ಬೆಸುಗೆ ಬಿಡಲಿಲ್ಲ. ಚಾಸಿ ಬಿಟ್ಟಿತು. ಲಟಾರನೆ ಒಂದು ಗೇಣು ಪಟ್ಟಿ ಕಿತ್ತು ಮಂಚದ ಜೊತೆ ಕೆಳಗಿಳಿಯಿತು. ಜೀಪು ಮುರಿದ ಕಡೆಗೆ ವಾಲಿತು, ಸೀಟಿನ ಮೇಲಿದ್ದ ಹೂ ಜಾರಿ ತಗಡಿನ ತೂತಿನಿಂದ ನೆಲಕ್ಕೆ ಬಿತ್ತು.

ಮುರುಗೇಶ ಹೆಂಡತಿಯ ಹತ್ತಿರ ಹೋದ.

"ಇದ್ದುಬಿಡು ದಾಕ್ಷಾಯಿಣಿ. ನೀನಿಲ್ಲದೆ ಮನೆ ಮನೆಯಂಗಿಲ್ಲ."

ಅವಳು ಹೊಸ್ತಿಲ ಕಡೆ ನೋಡಿದಳು. ಹೆಜ್ಜೆ ಎತ್ತಿದಂತೆಯೂ ಕಂಡಿತು. ಆಮೇಲೆ ಸದ್ದು ಕೇಳಿ ಬಂದು ಕಾಂಪೌಂಡಿನ ಉದ್ದಕ್ಕೂ ನಿಂತಿದ್ದ ಓಣಿಯ ಜನರನ್ನು ನೋಡಿದಳು.

"ಬಸ್ ಸ್ಟ್ಯಾಂಡ್ ಜನವೆಲ್ಲ ಕೇಳ್ಸ್ಕಂಡೈತ್ರಿ ನನ್ ಮಾತು," ಎಂದಳು ಮೆಲ್ಲಗೆ. "ಸಿದ್ದಲಿಂಗ, ಟ್ರಂಕು ಏರ್ಸು."

ಟ್ರಂಕಿನ ಹಿಂದೆ, ಅಂಟಿದ ಗೇಣುದ್ದದ ಚಾಸಿ ಸಮೇತ ಮಂಚವೂ ಟೆಂಪೋ ಏರಿತು. ತಾನು ಹತ್ತುವ ಮುಂಚೆ ಅವಳು ಮಂಚದ ಹತ್ತಿರ ನಿಂತು, ಅಂಟಿಕೊಂಡಿದ್ದ ತುಂಡಿನ ಮೇಲೆ ಬೆರಳಾಡಿಸಿದಳು.

"ಇದು ನೀವೇ ಮಾಡಿದ್ದಾ?"

"ಹೂಂ."

"ಗಟ್ಟಿಯಾಗೈತೆ," ಎಂದು ಬಳೆ ಮೇಲಕ್ಕೆ ಸರಿಸಿಕೊಂಡು ಹತ್ತಿ ಕೂತಳು.

ಟೆಂಪೋ ಓಣಿ ತಿರುಗುವ ತನಕ ಮುರುಗೇಶ ನೋಡುತ್ತ ನಿಂತಿದ್ದ. ಆಮೇಲೆ ಒಳಗೆ ಹೋಗಿ ಚಾಪೆ ಬಿಡಿಸಿದ. ಸಂಜೆಯೊಳಗೆ ಜೀಪು ಮೊಳಕಾಲ್ಮೂರು ಮುಟ್ಟಬೇಕೆಂದು ಕೊಟ್ರಮ್ಮ ಹೇಳಿದ್ದರು. ಆರೂವರೆಗೆ ಅದರಲ್ಲಿ ಒಂದು ಗೇಣು ಮುಟ್ಟಿತು.