ಮಾಸ್ತರ ಗಾಡಿಯ ಮೂರು ರೋಗ

ಕರೆಂಟು ಕಣ್ಣಿಗೆ ಕಾಣೂದಿಲ್ಲ. ಹಿಂಗಾಗಿ ಗಾಡಿಯ ವಾಯರ್ ಕೆಲಸ ಮಾಡೋರ ಮುಂದ ದಿನಾ ಒಂದಿಲ್ಲೊಂದು ತಮಾಷೆ ನಡೀತನ ಇರ್ತೈತಿ. ಹುಬ್ಬಳ್ಳಿಯಾಗ, ತಾರಿಹಾಳಕ್ಕ ಹೋಗೋ ದಾರಿಮ್ಯಾಲ ನಂದೊಂದು ಸಣ್ಣ ಅಂಗಡಿ ಇತ್ತು. ಫೋನ್ ಮಾಡಬೇಕಂದ್ರ ಬೂತಿಗೆ ಹೋಗಬೇಕಾದ ಕಾಲ. ಬಂದ ಗಾಡಿ ನೂರಾರು, ನೆನಪಿನ್ಯಾಗ ಗಟ್ಟಿಯಾಗಿ ಕುಂತದ್ದು ಮಾತ್ರ ಒಬ್ಬ ಮಾಸ್ತರ ಗಾಡಿ. ಸಾಲಿಯಿಂದ ರಿಟಾಯರ್ ಆದ ವಾರದಾಗ ಅವರು ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ರು. ಗಾಡಿಗೂ ಮಾಸ್ತರಿಗೂ ದಣಿವಿನ್ಯಾಗ ಭಾಳ ಫರಕ ಇರಲಿಲ್ಲ. ಆದ್ರ ಮಾಸ್ತರು ಮುಂಜಾನೆ ತಾವಾಗೇ ಏಳ್ತಿದ್ರು.

೧. ಎಡಕ್ಕ ತಿರುಗಿದ್ರ

ಮೊದಲನೇ ಸಲ ಬಂದಾಗ ಮಾಸ್ತರ ಮಾರಿ ಸಣ್ಣದಾಗಿತ್ತು.

"ಮಿಸ್ತ್ರಿ, ಗಾಡಿ ಎಡಕ್ಕ ತಿರುಗಿಸಿದ್ರ ಸಾಕು, ತಾನಾಗೇ ಹಾರ್ನ್ ಹೊಡೀತದ."

"ಬಲಕ್ಕ ತಿರುಗಿಸಿದ್ರ ಹ್ಯಾಂಗ್ರಿ?"

"ಬಲಕ್ಕ ಭಾಳ ಶಾಣ್ಯಾ ಅದ."

ಸ್ಟೀರಿಂಗ್ ಬಿಚ್ಚಿ ನೋಡಿದೆ. ಹಾರ್ನಿನ ವಾಯರ್ ಒಳಗ ತಿಕ್ಕಿ ತಿಕ್ಕಿ ಮ್ಯಾಲಿನ ರಬ್ಬರ್ ಹರದಿತ್ತು. ಎಡಕ್ಕ ತಿರುಗಿದಾಗ ಕಬ್ಬಿಣಕ್ಕ ತಾಗಿ ಒದರ್ತಿತ್ತು. ಟೇಪ್ ಸುತ್ತಿ ಕೊಟ್ಟೆ. ಮಾಸ್ತರು ನಕ್ಕೋತ ಹೋದ್ರು.

ಒಂದು ವಾರದ ಮ್ಯಾಲ ಮತ್ತ ಬಂದ್ರು. "ಮಿಸ್ತ್ರಿ, ಅದನ್ನ ಮೊದಲಿನಂಗ ಮಾಡಿಕೊಡ್ರಿ."

ನಾ ಗಾಬರಿ ಆದೆ. ಆಮ್ಯಾಲ ಕತಿ ಹೇಳಿದ್ರು. ಅವರ ಓಣಿಗೆ ಎಡಕ್ಕ ತಿರುಗಬೇಕು. ತಿರುಗೋ ಮೂಲಿಯಾಗ ಅವರ ಹಳೇ ಗೆಳ್ಯಾನ ಮನಿ. ಒಂದು ಗ್ವಾಡಿ ಸಲುವಾಗಿ ಇಬ್ಬರೂ ಎಂಟು ವರ್ಷದಿಂದ ಮಾತು ಬಿಟ್ಟಿದ್ರು. ರಿಪೇರಿಗಿಂತ ಮೊದಲ ದಿನಾ ಮನಿ ಮುಂದ ಹಾರ್ನ್ ಕೇಳಿ, ಮಾಸ್ತರ ತನ್ನ ಮಾತಾಡಸಾಕತ್ತಾನ ಅಂತ ತಿಳದು ಆ ಗೆಳ್ಯಾ ಹೊರಗ ಬಂದು ನಮಸ್ಕಾರಕ್ಕ ಕೈ ಎತ್ತಿದ್ನಂತ. ಮರುದಿನ ಚಾಕ್ಕ ಕರದ್ನಂತ. ಅದು ಹಾರ್ನಿನ ಪುಣ್ಯಾ ಅಂತ ಮಾಸ್ತರಿಗೆ ಆಗ ತಿಳದಿರಲಿಲ್ಲ.

"ಈಗ ಹಾರ್ನ್ ನಿಂತದ. 'ಮಾಸ್ತರಗ ಮತ್ತ ಸೊಕ್ಕು ಬಂತು' ಅಂತ ಬಾಗಲಾ ಹಾಕ್ಕೊಂಡಾನ."

"ಹಂಗಾದ್ರ ನೀವ ಕೈಲೆ ಹಾರ್ನ್ ಒತ್ತಬಹುದಲ್ರಿ?" ಅಂದೆ.

ಮಾಸ್ತರಿಗೆ ಸಿಟ್ಟು ಬಂತು. "ನಾ ಯಾಕ ಒತ್ತಲಿ? ತಪ್ಪು ಅವಂದು!"

೨. ಡಿಕ್ಕಿಯಾಗಿನ ದೀಪ

ಮುಂದ ಗಾಡಿ ಮುಂಜಾನೆ ಚಾಲೂ ಆಗೂದ ಬಿಡ್ತು. ಬ್ಯಾಟರಿ ಚಾರ್ಜ್ ಮಾಡಿಕೊಟ್ರ ಮರುದಿನಕ್ಕ ಖಾಲಿ. ಡೈನಮೋ ನೋಡಿದೆ, ಗಾಡಿ ಚಾಲೂ ಮಾಡೋ ಸೆಲ್ಫ್ ನೋಡಿದೆ, ಎಲ್ಲಾ ಛಲೋ ಇದ್ವು. ಉಳದದ್ದು ಡಿಕ್ಕಿಯಾಗಿನ ಸಣ್ಣ ದೀಪ. ಮುಚ್ಚಿದ ಮ್ಯಾಲ ಅದು ಆರಬೇಕು. ಆರ್ತೈತೋ ಇಲ್ಲೋ, ಮುಚ್ಚಿದ ಡಿಕ್ಕಿಯೊಳಗ ನೋಡವರ್ಯಾರು? ನಾನ ಒಳಗ ಹೊಕ್ಕು ಮುದುಡಿ ಮಲಗಿದೆ. ಮಾಸ್ತರು ಮುಚ್ಚಿದ್ರು.

ದೀಪ ಝಗಝಗ ಉರಿಯಾಕತ್ತಿತ್ತು. "ಸಿಕ್ತ್ರಿ ಮಾಸ್ತರ, ರೋಗ ಸಿಕ್ತು! ತೆಗೀರಿ!" ಅಂತ ಒದರಿದೆ.

'ರೋಗ ಸಿಕ್ತು' ಅನ್ನೂದಷ್ಟ ಕೇಳಿಸಿತ್ತು ಅವರಿಗೆ. ಖುಷಿಯಾಗಿ, ಮನಿಯಾಕಿಗೆ ಸುದ್ದಿ ಹೇಳಾಕ ಸೀದಾ ಫೋನ್ ಬೂತಿಗೆ ಹೋಗಿಬಿಟ್ರು.

ಒಳಗ ನಾನು, ದೀಪ, ಒಂದು ಸ್ಟೆಪ್ನಿ. ಅಷ್ಟರಾಗ ಹೊರಗ ಯಾರೋ ಬಂದ ಸಪ್ಪಳ ಆತು.

"ಮಿಸ್ತ್ರಿ ಅದಾರೇನ್ರಿ?"

"ಅದೀನ್ರಿ! ಇಲ್ಲೇ ಡಿಕ್ಕಿಯಾಗ ಅದೀನಿ!"

ಆ ಗಿರಾಕಿ ಭಾಳ ಮರ್ಯಾದಿಯಿಂದ ಹೇಳಿದ, "ಕೆಲಸದಾಗ ಇದ್ದಂಗ ಕಾಣ್ತೈತ್ರಿ. ನಾ ನಾಳೆ ಬರ್ತೇನಿ."

೩. ಯಾರು ಕುಂತ್ರ ಚಾಲೂ

ಮೂರನೇ ರೋಗ ಹಿಡದಾಗ ಮಾಸ್ತರು ಒಬ್ಬರ ಬರಲಿಲ್ಲ. ಅಲ್ಲೀತನಕ ಅವರು ತಮ್ಮ ಮನಿಯವರನ್ನ ಗಾಡಿಯಾಗ ಕುಂದರಿಸಿದ್ದು ನಾ ನೋಡಿರಲಿಲ್ಲ. "ಆಕಿ ಬಂದ್ರ ಹೊರಡೂದು ಲೇಟ್ ಆಗತದ" ಅಂತಿದ್ರು. ಅವತ್ತು ಎಡಗಡೆ ಸೀಟಿನ್ಯಾಗ ಅಮ್ಮಾರು ಕುಂತಿದ್ರು. ಇಳಕಲ್ ಸೀರಿ, ತೊಡಿಮ್ಯಾಲ ಒಂದು ಚೀಲ.

ಮಾಸ್ತರು ನನ್ನ ಕಿವಿಹತ್ರ ಬಂದು ಅಂದ್ರು, "ನಾ ಒಬ್ಬನ ಕುಂತ್ರ ಗಾಡಿ ಚಾಲೂ ಆಗೂದಿಲ್ಲ. ಈಕಿ ಕುಂತ್ರ ಒಂದ ಹೊಡತಕ್ಕ ಆಗತದ. ಇದೇನು ಕರೆಂಟೋ, ಆಕಿ ಕಾಲ್ಗುಣಾನೋ?"

ನನಗ ನಗಿ ಬಂತು. ಅಮ್ಮಾರನ್ನ ಇಳಿಸಿ ಮಾಸ್ತರಿಗೆ ಕೀಲಿ ತಿರುವಂದೆ. ಸೆಲ್ಫ್ ತಿರುಗ್ತು, ಗಾಡಿ ಹಿಡೀಲಿಲ್ಲ. ಅಮ್ಮಾರು ಕುಂತ್ರು, ಗುರ್ ಅಂತು. ಅವರನ್ನ ಮತ್ತ ಇಳಿಸಿ ಅವರ ಸೀಟಿನ್ಯಾಗ ನಾನ ಕುಂತೆ. ಇಲ್ಲ.

"ನೋಡ್ರಿ! ನಿಮ್ಮ ಮಾತೂ ಕೇಳವಲ್ದು!" ಅಂದ್ರು ಮಾಸ್ತರು.

ನಾ ಬಗ್ಗಿ ಕಾಲಕೆಳಗಿನ ಮ್ಯಾಟಿಗೆ ಕೈ ಹಾಕೂದಕ್ಕ ಅಮ್ಮಾರು ಲಗೂನ, "ಏನ್ರಿ, ಬಾಯಿ ಒಣಗೇದ, ಎದರಿನ ಹೊಟೇಲಿನಿಂದ ನೀರು ತರ್ರಿ" ಅಂದ್ರು. ಮಾಸ್ತರು ಹೋದ್ರು.

ಮ್ಯಾಟಿನ ಕೆಳಗ, ಮೂಲಿಯಾಗ, ಒಂದು ಒತ್ತೋ ಸ್ವಿಚ್ ಇತ್ತು. ಹಿಂದಿನ ಮಾಲಕ ಕಳ್ಳರ ಅಂಜಿಕಿಗೆ ಹಾಕಿಸಿದ್ದು. ಅದನ್ನ ಒತ್ತಿ ಹಿಡದ್ರನ ಗಾಡಿ ಚಾಲೂ. ಇಷ್ಟು ದಿನ ಜಾಮ್ ಆಗಿ ಒತ್ತಿದಂಗ ಕುಂತಿತ್ತು, ಈಗ ಬಿಟ್ಟಿತ್ತು.

"ಗೊತ್ತದ ತಮ್ಮಾ," ಅಂದ್ರು ಅಮ್ಮಾರು, ದನಿ ಇಳಿಸಿ. "ಹೋದ ತಿಂಗಳ ಮ್ಯಾಟ್ ಝಾಡಸ್ತಿದ್ದಾಗ ನನ್ನ ಕೈ ತಾಗೇ ಅದು ಬಿಡ್ತು, ಅವತ್ತಿಂದ ಕಾಲಿಲೆ ಒತ್ತತೇನಿ. ಲಗ್ನ ಆಗಿ ಮೂವತ್ತೈದು ವರ್ಷ ಆತು. ಉಪ್ಪಿನಬೆಟಗೇರಿ ನನ್ನ ತವರುಮನಿ, ಎಷ್ಟು ದೂರ ಅದ? ಒಂದ ಸಲ ಇವರಾಗೇ 'ನಡೀ' ಅಂದಿದ್ದಿಲ್ಲ. ಈ ತಿಂಗಳ ಎರಡು ಸಲ ಹೋಗಿಬಂದೆ. ನಮ್ಮವ್ವ ಗಾಡಿ ಮುಟ್ಟಿ ಮುಟ್ಟಿ ನೋಡಿದ್ಲು." ಆಮ್ಯಾಲ ಕೈ ಮುಗದ್ರು. "ಹೇಳಬ್ಯಾಡಪಾ."

ನನ್ನ ಮನಿಯಾಕಿನೂ ನೆನಪಾದ್ಲು. ಮ್ಯಾಟ್ ಹಾಸಿಬಿಟ್ಟೆ.

ಮಾಸ್ತರು ನೀರು ತಂದ್ರು. "ಸಿಕ್ತೇನ್ರಿ ರೋಗ?"

"ಇಲ್ರಿ ಮಾಸ್ತರ. ಇಪ್ಪತ್ತು ವರ್ಷದ ಕೆಲಸದಾಗ ಇಂಥಾದ್ದು ನೋಡಿಲ್ಲ. ಅಮ್ಮಾರನ್ನ ಸಂಗಾಟ ಕರಕೊಂಡ ಅಡ್ಡಾಡ್ರಿ."

ಅವರು ಕುಂತು ಕೀಲಿ ಹಚ್ಚಿದ್ರು. "ನಡೀ, ಮನಿಗೆ ಹೋಗೂಣು." ತಿರುವಿದ್ರು. ಗಾಡಿ ಹಿಡೀಲಿಲ್ಲ. ಮತ್ತ ತಿರುವಿದ್ರು. ಇಲ್ಲ. ಅಮ್ಮಾರು ಕಿಡಕಿಯಾಗಿಂದ ರಸ್ತಾ ನೋಡ್ಕೋತ ಕುಂತಿದ್ರು. ಮಾಸ್ತರು ಹಣಿ ಒರಸಿಕೊಂಡು, ಆಕಿ ಮಾರಿ ನೋಡಿ, ಮೆಲ್ಲಕ ಕೇಳಿದ್ರು, "ಹಂಗಾದ್ರ ಉಪ್ಪಿನಬೆಟಗೇರಿಗೆ ಹೋಗಿಬರೂಣೇನು?"

ಒಂದ ಹೊಡತಕ್ಕ ಚಾಲೂ ಆತು.