ಗೋಡೆ ದಾಟಿದ ಪಾಠ

ಮೊಬೈಲಿನಲ್ಲಿ ಒಂದೇ ಹೆಸರಿನ ಎರಡು ಟಿವಿ ಕಾಣಿಸಿದಾಗ ಪರಮಶಿವಪ್ಪ ಮೇಷ್ಟರು ಮೇಲಿನದನ್ನು ಒತ್ತಿದರು. ಹಾಜರಿ ಕೂಗುವಾಗಲೂ ಮೇಲಿನಿಂದಲೇ ಶುರು ಮಾಡಿ ಅಭ್ಯಾಸವಾದ ಕೈ ಅದು. ‘ಸಂಪರ್ಕಗೊಂಡಿದೆ’ ಎಂದಿತು ಮೊಬೈಲು. ಎದುರಿಗಿದ್ದ ಶಾಲೆಯ ಟಿವಿ ಮಾತ್ರ ಒಣಗಲು ಹರವಿದ ಯೂನಿಫಾರಂ ಲಂಗದ ಹಾಗೆ ಸುಮ್ಮನೆ ನೀಲಿಯಾಗಿಯೇ ಇತ್ತು.

ಸೊರಬದಿಂದ ಚಂದ್ರಗುತ್ತಿಗೆ ಹೋಗುವ ದಾರಿಯಲ್ಲಿರುವ ಸಣ್ಣ ಊರಿನ ಶಾಲೆ. ಹಿಂದಿನ ಬೆಂಚಿನಲ್ಲಿ ಇಲಾಖೆಯ ಸಾಹೇಬರು ಕೂತಿದ್ದರು. ಮೇಷ್ಟರ ಮನೆ ಶಿಕಾರಿಪುರದಲ್ಲಿ. ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿ ಅವರ ಸೊಂಟಕ್ಕೆ ದಾರಿಯ ಒಂದೊಂದು ಗುಂಡಿಯೂ ಪರಿಚಯವಾಗಿತ್ತು. ಈಗ ಶಿಕಾರಿಪುರದ ಶಾಲೆಯೊಂದಕ್ಕೆ ಇಲ್ಲಿಂದ ಒಬ್ಬ ಶಿಕ್ಷಕರನ್ನು ಕಳಿಸಬೇಕಾಗಿತ್ತು. ಯಾರನ್ನು ಎಂದು ಹೇಳಬೇಕಾದವರು ಇದೇ ಸಾಹೇಬರು. ಅವರಿಗೆ ಡಿಜಿಟಲ್ ಪಾಠವೆಂದರೆ ಪ್ರಾಣ.

ಬೆಳಿಗ್ಗೆ ಬಸ್ಸಿನಲ್ಲಿ ಶಶಿರೇಖಾ ಟೀಚರ್ ಎಲ್ಲ ಹೇಳಿಕೊಟ್ಟಿದ್ದರು. ಆಕೆಯೂ ಶಿಕಾರಿಪುರದವರೇ, ಪಕ್ಕದ ತರಗತಿಗೆ ಗಣಿತ ಮಾಡುವವರು. ಜೀರ್ಣಾಂಗಗಳ ವಿಡಿಯೋವನ್ನು ಮೇಷ್ಟರ ಮೊಬೈಲಿಗೆ ಇಳಿಸಿಕೊಟ್ಟು, “ಇಲ್ಲಿ ಒತ್ತಿ ಸರ್, ಆಮೇಲೆ ಟಿವಿ ಹೆಸರು ಒತ್ತಿ. ಅಷ್ಟೇ” ಎಂದಿದ್ದರು. ಮೇಷ್ಟರು ಅಷ್ಟೇ ಮಾಡಿದ್ದರು.

“ಸಾರ್, ಏನೂ ಬರ್ತಿಲ್ಲ” ಎಂದರು ಮಕ್ಕಳು.

ಗೋಡೆಯಾಚೆ ಎಲ್ಲೋ ಗಂಡು ಧ್ವನಿಯೊಂದು, ‘ಈಗ ಆಹಾರವು ಅನ್ನನಾಳವನ್ನು ಪ್ರವೇಶಿಸುತ್ತದೆ’ ಎಂದಿತು. ಯಾರೋ ರೇಡಿಯೋ ಹಚ್ಚಿದ್ದಾರೆ ಎಂದುಕೊಂಡ ಮೇಷ್ಟರು, ತಮ್ಮ ಪಾಠ ಅದಕ್ಕಿಂತ ಜೋರಾಗಿ ಕೇಳಲೆಂದು ಮೊಬೈಲಿನ ಸದ್ದು ಹೆಚ್ಚಿಸಿದರು. ಗೋಡೆಯಾಚೆಯ ಧ್ವನಿ ಅಬ್ಬರಿಸತೊಡಗಿತು.

ಸಾಹೇಬರು ಗಡಿಯಾರ ನೋಡಿಕೊಂಡರು. ಮೇಷ್ಟರು ಮೇಜಿನ ಕೆಳಗೆ ಮೊಬೈಲು ಹಿಡಿದು ಶಶಿರೇಖಾ ಟೀಚರಿಗೆ ಮೆಸೇಜು ಬರೆದರು: ‘ಟಿವಿ ಬರ್ತಿಲ್ಲ. ಸಾಹೇಬ್ರ ಮುಖ ಹರಳೆಣ್ಣೆ ಕುಡಿದವರ ಹಾಗಾಗಿದೆ. ಬೇಗ ಬನ್ನಿ.’

ಶಶಿರೇಖಾ ಟೀಚರಿಗಿಂತ ಮೊದಲು ಬಂದವರು ಶಾಲೆಯ ಪಕ್ಕದ ಮನೆಯ ರಾಜೇಶ್ವರಮ್ಮ. ಕೈಯಲ್ಲಿ ಪಾಯಸದ ಸೌಟು ಹಾಗೇ ಇತ್ತು.

“ಎಂತ ಮೇಷ್ಟ್ರೇ ಇದು! ಈಸೂರಿಂದ ಬೀಗ್ರು ಬಂದು ಊಟಕ್ಕೆ ಕೂತಾರೆ. ಟಿವಿಯಾಗೆ ಎಂತದೋ ಕೇಳ್ತು, ಓಕೆ ಒತ್ತಿದೆ. ನಾನು ಶಾವಿಗೆ ಪಾಯಸ ಬಡಿಸಾಕೂ, ಅಲ್ಲಿ ಕರುಳು ಬರಾಕೂ ಸರಿ ಹೋತು!”

“ಎಲ್ಲಿ ಬಂತಮ್ಮ?” ಸಾಹೇಬರು ಎದ್ದು ನಿಂತರು.

“ನಮ್ಮನೆ ಟಿವಿಯಾಗೆ ಸಾರ್. ಮೇಷ್ಟ್ರ ಮೊಬೈಲು ಪೂರಾ ಅಲ್ಲೇ ಐತೆ. ಬೀಗ್ರು ಶಾವಿಗೆ ಬಾಯಾಗೆ ಇಟ್ಕಂಡು ನುಂಗ್ಲೂ ಇಲ್ಲ, ಉಗುಳ್ಲೂ ಇಲ್ಲ. ಅಷ್ಟರಾಗೆ ಸಾಹೇಬ್ರ ಮುಖ ಹರಳೆಣ್ಣೆ ಕುಡಿದವ್ರ ಹಂಗಾಗೈತೆ ಅಂತ ಬಂತು. ಅದನ್ನ ಓದಿ ನಕ್ಕು, ಶಾವಿಗೆ ನೆತ್ತಿಗೆ ಹತ್ತಿ ಇನ್ನೂ ಕೆಮ್ತಾ ಅವ್ರೆ.”

ಮೇಷ್ಟರು ಸೀಮೆಸುಣ್ಣದ ಡಬ್ಬಿಯೊಳಗೆ ಇಣುಕಿದರು. ಅಡಗಿಕೊಳ್ಳಲು ಅದು ಸಾಲುವಂತಿರಲಿಲ್ಲ.

ಸಾಹೇಬರು ನಿಧಾನವಾಗಿ ಕೇಳಿದರು: “ಕರುಳಿನ ಬಗ್ಗೆ ಏನು ಹೇಳಿದ್ರಮ್ಮ?”

“ಸಣ್ಣ ಕರುಳು ಇಪ್ಪತ್ತಡಿ ಅಂತೆ ಸಾರ್, ದೊಡ್ಡದು ಐದೇ ಅಡಿ ಅಂತೆ. ಹೆಸರು ನೋಡಿ ಏನೂ ನಂಬಂಗಿಲ್ಲ.”

ಸಾಹೇಬರ ಮುಖ ಅರಳಿತು. “ಪಾಠ ಶಾಲೆ ಗೋಡೆ ದಾಟಿ ಮನೆಗೆ ಹೋಗ್ಬೇಕು ಅಂತ ನಾನು ಎಲ್ಲ ಸಭೆಯಲ್ಲೂ ಬಡ್ಕೊಳ್ತೀನಿ. ಮಾಡಿ ತೋರಿಸಿದವರು ನೀವೊಬ್ಬರೇ ಕಣ್ರೀ ಮೇಷ್ಟ್ರೇ!”

“ಸರ್, ಆ ಹರಳೆಣ್ಣೆ...”

“ಇರ್ಲಿ ಬಿಡ್ರೀ. ಪಾಠದಲ್ಲಿ ಸ್ವಲ್ಪ ಹಾಸ್ಯ ಇರ್ಬೇಕು.”

ಮೇಷ್ಟರಿಗೆ ಹೋದ ಜೀವ ಬಂತು. ಧೈರ್ಯ ಮಾಡಿ, “ಹಂಗಾದ್ರೆ ಸರ್, ಆ ಶಿಕಾರಿಪುರದ ವಿಷ್ಯ...” ಎಂದರು.

“ನಿಮ್ಮನ್ನ ಬಿಟ್ಟುಕೊಡೋಕಾಗುತ್ತೇನ್ರೀ? ಇನ್ಮೇಲೆ ಪ್ರತಿ ಶನಿವಾರ ಸೊರಬದಲ್ಲಿ ತಾಲ್ಲೂಕಿನ ಶಿಕ್ಷಕರಿಗೆಲ್ಲ ನೀವೇ ತರಬೇತಿ ಕೊಡ್ತೀರಿ.”

“ಸರ್, ನಿಜ ಹೇಳ್ತೀನಿ, ನನಗೆ ಏನೇನೂ ಗೊತ್ತಿಲ್ಲ. ತಪ್ಪಿ ಒತ್ತಿಬಿಟ್ಟೆ.”

“ಕೇಳಿದ್ರೇನ್ರೋ ಮಕ್ಕಳೇ? ಇದಕ್ಕೇ ವಿನಯ ಅನ್ನೋದು” ಎಂದ ಸಾಹೇಬರು ಹೊರಡುತ್ತ ಹೇಳಿದರು: “ಶಿಕಾರಿಪುರದ ಆ ಶಾಲೇಲಿ ಟಿವಿನೂ ಇಲ್ಲ, ನೆಟ್ಟೂ ಇಲ್ಲ. ಈ ಯಂತ್ರಗಳ ಗಂಧಗಾಳಿ ಇಲ್ಲದೋರು ಯಾರಾದ್ರೂ ಇದ್ರೆ ಸಾಕು.”

ಮೆಸೇಜು ನೋಡಿ ಓಡೋಡಿ ಬಂದಿದ್ದ ಶಶಿರೇಖಾ ಟೀಚರ್ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿದ್ದ ಮೊಬೈಲನ್ನು ಮೆಲ್ಲಗೆ ಬ್ಯಾಗಿನೊಳಗೆ ಇಳಿಬಿಟ್ಟರು.

“ಸರ್, ನನಗೆ ಟಿವಿ ಆನ್ ಮಾಡೋಕೂ ಬರಲ್ಲ.”

ಮುಂದಿನ ವಾರವೇ ಆಕೆ ಶಿಕಾರಿಪುರಕ್ಕೆ ಹೋದರು. ಶನಿವಾರ ಸೊರಬದ ಸಭಾಂಗಣದಲ್ಲಿ ಶಿಕ್ಷಕರೆಲ್ಲ ಪೆನ್ನು ಬಿಚ್ಚಿ ಕೂತಿದ್ದರು. ಪರಮಶಿವಪ್ಪ ಮೇಷ್ಟರು ಪರದೆಯ ಹಿಂದೆ ಬಗ್ಗಿ ನಿಂತು ಫೋನು ಹಚ್ಚಿದರು.

“ಟೀಚರೇ, ಮೊದ್ಲು ಎಲ್ಲಿ ಒತ್ಬೇಕಿತ್ತು ಅದು?”

ಆ ಕಡೆಯಿಂದ ಶಶಿರೇಖಾ ಟೀಚರ್ ದನಿ ತಗ್ಗಿಸಿ, ಬಹಳ ಮರ್ಯಾದೆಯಿಂದ ಹೇಳಿದರು: “ಹೇಳ್ಬಹುದಿತ್ತು ಸರ್. ಆದ್ರೆ ಸಾಹೇಬ್ರು ಇವತ್ತು ನಮ್ಮ ಶಾಲೆಗೆ ಬಂದು, ಇಲ್ಲೇ ಎದುರಿಗೆ ಕೂತಿದ್ದಾರೆ.”