ಬಿಸಿಲಿಗೆ ಹಸಿರಾದ ಅಜ್ಜ ಮತ್ತು ಇತರರು

ಕಪ್ಪು-ಬಿಳುಪು ಫೋಟೋ ಹಾಕಿಕೊಡುವುದು ಸಲೀಸು ಅಂತ ತಿಳಿದವರು ಅಕ್ಕಿಆಲೂರಿನ ನನ್ನ ಸ್ಟುಡಿಯೋದಲ್ಲಿ ಒಂದು ವಾರ ಕೂಡಬೇಕು. ನನ್ನ ಇಂಕ್‌ಜೆಟ್ ಮಷೀನು ಬೂದು ಬಣ್ಣವನ್ನೂ ಕೆಂಪು, ಹಳದಿ, ನೀಲಿ ಇಂಕು ಕೂಡಿಸಿಯೇ ಮಾಡುತ್ತಿತ್ತು. ಒಂದು ಚೂರು ಜಾಸ್ತಿಯಾದರೆ ಸಾಕು, ಫೋಟೋದಲ್ಲಿದ್ದವರ ಮೈಬಣ್ಣವೇ ತಿರುಗುತ್ತಿತ್ತು. ಕೆಲಸದಲ್ಲಿ ನನ್ನ ಕೈ ಪಳಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೂ ಇಂಥವು ಆಗಿಯೇ ಆಗುತ್ತವೆ.

ಬಸ್‌ಸ್ಟ್ಯಾಂಡಿನ ಬಿಸಿಲು

ಹಾನಗಲ್ಲಿನ ರೈತರೊಬ್ಬರು ತೀರಿಹೋದ ಅಜ್ಜನ ಫೋಟೋ ದೊಡ್ಡದು ಮಾಡಿಸಿದರು. ಟ್ಯೂಬ್‌ಲೈಟಿನ ಕೆಳಗೆ ನೋಡಿ, "ಭಾರಿ ಆಗೈತ್ರಿ" ಅಂತ ಹೊಗಳಿ ಹೋದರು. ಹತ್ತೇ ನಿಮಿಷಕ್ಕೆ ಬಸ್‌ಸ್ಟ್ಯಾಂಡಿನಿಂದ ಏದುಸಿರು ಬಿಡುತ್ತ ವಾಪಸ್ ಬಂದರು.

"ಏನ್ರಿ ಇದು! ಬಿಸಲಾಗ ನೋಡಿದ್ರ ಅಜ್ಜ ಹಸರಾಗ್ಯಾನ!"

ಹೊರಗೆ ಹೋಗಿ ನೋಡಿದೆ. ಹೌದು, ಅಜ್ಜ ಎಳೆ ಸೌತೆಕಾಯಿಯ ಹಾಗಿದ್ದ. ಒಳಗೆ ತಂದರೆ ಮತ್ತೆ ಕಪ್ಪು-ಬಿಳುಪು. ಕೆಲವು ಇಂಕು ಹೀಗೇ, ಬೆಳಕು ಬದಲಾದರೆ ಬಣ್ಣ ಬದಲಾಗುತ್ತದೆ ಅಂತ ತಿಳಿಸಿ, "ಬ್ಯಾರೆ ಹಾಕಿ ಕೊಡ್ತೇನಿ, ಕುಂತ್ರಿ" ಅಂದೆ.

ಅವರು ಬಾಗಿಲ ಒಳಗೊಮ್ಮೆ, ಹೊರಗೊಮ್ಮೆ ಹಿಡಿದು ನೋಡಿ, ಫೋಟೋ ಚೀಲಕ್ಕೆ ಹಾಕಿಕೊಂಡರು.

"ಬ್ಯಾಡ ಬಿಡ್ರಿ. ಇದ್ದಾಗೂ ಮನ್ಯಾಗ ಒಂದ ನಮೂನಿ, ಹೊರಗ ಒಂದ ನಮೂನಿ ಇದ್ದ. ಬರೋಬರ್ ಬಂದಾನ."

ಧೋತರ

ಸವಣೂರಿನಲ್ಲಿ ನಿವೃತ್ತ ಸಂಸ್ಕೃತ ಮಾಸ್ತರರಿದ್ದಾರೆ. ಅವರ ತಂದೆಯವರ ಫೋಟೋವನ್ನು ನಾನು ಬಲು ಹುರುಪಿನಿಂದ ಎಲ್ಲಕ್ಕಿಂತ ಬೆಳ್ಳಗಿನ ಪೇಪರಿನ ಮೇಲೆ ತೆಗೆದೆ. ಆ ಪೇಪರಿನ ಬಿಳುಪು ಸ್ವಲ್ಪ ನೀಲಿಗೆ ವಾಲುತ್ತದೆ. ಮಾಸ್ತರರು ಕನ್ನಡಕ ಏರಿಸಿ ನೋಡಿದರು.

"ನಮ್ಮ ತಂದೆಯವರು ನೀಲಿ ಹಾಕಿದ ಧೋತರ ಒಂದ ದಿನಾನೂ ಉಟ್ಟವರಲ್ಲ."

ಬೇರೆ ಪೇಪರಿನ ಮೇಲೆ ತೆಗೆದು ಮನೆಗೇ ಒಯ್ದೆ. ಅದು ಕೆನೆಬಣ್ಣದ್ದು.

"ಈಗ ಧೋತರ ಒಗದೇ ಇಲ್ಲ ಅನಸ್ತದ."

ನಮ್ಮಿಬ್ಬರ ವಾದ ಕೇಳಿ ಅಡಿಗೆಮನೆಯಿಂದ ಅವರ ಮನೆಯವರು ಬಂದರು. ಎರಡೂ ಫೋಟೋ ನೋಡಿ ಕೆನೆಬಣ್ಣದ್ದನ್ನು ಎತ್ತಿಕೊಂಡರು. "ಇದ ಖರೇ."

"ನಿನಗ ಹೆಂಗ ಗೊತ್ತು?" ಅಂದರು ಮಾಸ್ತರರು.

"ಮಾವನವರ ಧೋತರ ಒಗೀತಿದ್ದಾಕಿ ನಾನು. ನೀವೇನ ಒಗದೀರೇನು?"

ಮಾಸ್ತರರು ಕನ್ನಡಕ ಇಳಿಸಿ, ಕೆನೆಬಣ್ಣದ್ದಕ್ಕೇ ರೊಕ್ಕ ಎಣಿಸಿಕೊಟ್ಟರು.

ಸೀರೆಯ ಬಣ್ಣ

ರಟ್ಟೀಹಳ್ಳಿಯಿಂದ ಒಬ್ಬ ಅಜ್ಜಿ ತನ್ನ ಮದುವೆಯ ಫೋಟೋ ತಂದಿದ್ದಳು. ಒಂದೇ ಪ್ರತಿ, ಅದೂ ಅಂಚು ಹರಿದಿತ್ತು. ರಿಪೇರಿ ಮಾಡಿ ಪ್ರಿಂಟ್ ತೆಗೆದೆ. ಹಸಿ ಇದ್ದಾಗ ಸರಿಯಿತ್ತು, ಒಣಗಿದ ಮೇಲೆ ಇಡೀ ಫೋಟೋ ಕೆಂಪಗಾಯಿತು. ಹರಿಯಲು ಹೋದೆ, ಅಜ್ಜಿ ಕಸಿದುಕೊಂಡಳು. ಆಕೆಯ ಕಣ್ಣು ತುಂಬಿ ಬಂದವು.

"ಯಪ್ಪಾ, ನನ್ನ ಸೀರಿ ಕೆಂಪಿತ್ತಂತ ನಿನಗ ಹೆಂಗ ಗೊತ್ತಾತೋ?"

"ಇಲ್ಲವಾ, ಇದು ಇಂಕಿನ ತಪ್ಪು. ನೋಡು, ಯಜಮಾನರ ಮಾರಿನೂ ಕೆಂಪಾಗೈತಿ."

"ಆಗದ ಏನ ಮಾಡೀತು? ಅವತ್ತ ಅವ್ರಿಗೆ ನಾಚಿಕಿ ಬಂದಿತ್ತು!"

ಆ ಫೋಟೋ ಎದೆಗವಚಿಕೊಂಡೇ ಹೋದಳು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಅಜ್ಜಿ ಒಪ್ಪಿದರೂ ತಪ್ಪು ತಪ್ಪೇ. ಬಣ್ಣ ಕೂಡಿಸುವ ಗೊಡವೆಯೇ ಬೇಡ ಅಂತ ಹಳೆಯ ಮಷೀನನ್ನು ಒಳಗಿನ ಕೋಣೆಗೆ ಸರಿಸಿ, ಬರೀ ಬೂದು ಮತ್ತು ಕಪ್ಪು ಇಂಕಿನ ಹೊಸ ಮಷೀನು ತರಿಸಿದೆ. ಪ್ರಿಂಟ್ ಬಂತು ನೋಡಿ, ಅಚ್ಚ ಕಪ್ಪು, ಅಚ್ಚ ಬೂದು! ಇನ್ನು ನನ್ನನ್ನು ಹಿಡಿಯುವವರಿಲ್ಲ ಅಂದುಕೊಂಡೆ.

ಅಷ್ಟರಲ್ಲಿ ರಟ್ಟೀಹಳ್ಳಿಯ ತುಂಬ ಸುದ್ದಿಯಾಗಿತ್ತು. ಆ ಅಜ್ಜಿಯ ಓಣಿಯ ಇನ್ನೂ ಮೂವರು ಅಜ್ಜಿಯರು ತಮ್ಮ ತಮ್ಮ ಮದುವೆಯ ಫೋಟೋ ಹಿಡಿದು ಬಂದರು. ನಾನು ಹೊಸ ಮಷೀನಿನಲ್ಲಿ ಅವರಲ್ಲೊಬ್ಬಳ ಫೋಟೋ ಪ್ರಿಂಟ್ ತೆಗೆದು ಠೀವಿಯಿಂದ ಕೊಟ್ಟೆ. ಆಕೆ ತಿರುಗಿಸಿ ಮುರುಗಿಸಿ ನೋಡಿದಳು.

"ನನ್ನ ಸೀರಿ ಯಾವ ಬಣ್ಣದ್ದು?"

"ಇದರಾಗ ಬಣ್ಣ ಬರೂದಿಲ್ಲವಾ. ಹೊಸಾ ಮಷೀನು."

ಆಕೆ ಮಷೀನಿನ ಬೆನ್ನ ಮೇಲೆ ಮೆಲ್ಲಗೆ ಕೈಯಾಡಿಸಿದಳು.

"ಇರ್ಲಿ ಬಿಡಪ್ಪಾ, ಬೈಬ್ಯಾಡ ಅದಕ್ಕ. ಇನ್ನೂ ಸಣ್ಣದು, ನಮ್ಮ ಮದವಿ ಹೆಂಗ ನೆಪ್ಪಿರಬೇಕು? ಹಳೇದನ್ನ ಹೊರಗ ತಗಿ, ಅದನ್ನ ಕೇಳೂಣು!"